ಬಾಗಿಲ ಆಚೆ ನಿಂತವರು: ಯುರೋಪಿನ ಹಳೆಯ ವ್ಯಾಂಪೈರ್ ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ಅಕ್ಕನ ಮಗ ಫೋನ್ ಮಾಡಿ, "ಚಿಕ್ಕಮ್ಮ, ಹಳೇ ವ್ಯಾಂಪೈರ್ ಸಿನಿಮಾ ನೋಡ್ಬೇಕು, ಯಾವುದ್ರಿಂದ ಶುರು ಮಾಡ್ಲಿ?" ಅಂತ ಕೇಳಿದ. ತಟ್ಟನೆ ಉತ್ತರ ಹೊಳೆಯಲಿಲ್ಲ. ರಕ್ತ ಹೀರುವ ಹೆಣಗಳ ಈ ಸಿನಿಮಾಗಳನ್ನು ಕಾಲೇಜಿನ ದಿನಗಳಿಂದ ನೋಡುತ್ತಾ ಬಂದಿದ್ದೇನೆ ನಿಜ. ಆದರೆ ಒಂದನ್ನು ಈಗ, ಇನ್ನೊಂದನ್ನು ಮೂರು ವರ್ಷ ಬಿಟ್ಟು ನೋಡಿದರೆ ಹೋಲಿಸುವುದು ಹೇಗೆ? ಹಾಗಾಗಿ ಜುಲೈನಲ್ಲಿ ಸಾಗರದ ಮನೆಗೆ ಹೋದಾಗ ಮುಖ್ಯವಾದವನ್ನೆಲ್ಲ ಮೂರು ವಾರದೊಳಗೆ ಮತ್ತೆ ನೋಡಿದೆ. ಹೊರಗೆ ಮಲೆನಾಡಿನ ಮಳೆ. ಇಂಥ ಸಿನಿಮಾಗೆ ಅದಕ್ಕಿಂತ ಒಳ್ಳೆಯ ಜೊತೆ ಬೇಕಾ?

ನೋಡಿದ್ದು ರಾತ್ರಿ ಹತ್ತರ ಮೇಲೆ, ದೀಪ ಆರಿಸಿ, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು. ಮಾರನೇ ದಿನ ಕಾಫಿ ಕುಡಿಯುವಾಗ ಏನೇನು ಕಣ್ಣ ಮುಂದೆ ಉಳಿದಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನೋಡುವಾಗ ಹೆದರಿಸುವುದು ಬೇರೆ, ಬೆಳಿಗ್ಗೆವರೆಗೂ ಉಳಿಯುವುದು ಬೇರೆ. ನಾನು ಅಳೆಯಲು ಹೊರಟಿದ್ದು ಎರಡನೆಯದನ್ನು. ಕೆಲವು ರಾತ್ರಿ ಅಮ್ಮನೂ ಜೊತೆಗೆ ಕೂತರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಸಬ್‌ಟೈಟಲ್ ನೋಡಿಕೊಂಡು ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಇನ್ನೊಂದು ಮಾತು: ಕೆಲವು ಸಿನಿಮಾಗಳ ಕೊನೆಯನ್ನೂ ಇಲ್ಲಿ ಹೇಳಿದ್ದೇನೆ. ಹೇಳದೆ ಹೋಲಿಸಲು ಆಗುವುದಿಲ್ಲ.

ಮೊದಲು ಎಲ್ಲರೂ ಕೇಳುವ ಪ್ರಶ್ನೆ. ನೊಸ್ಫೆರಾಟು ಅನ್ನುವ ಹೆಸರಿನ ಹಳೆಯ ಸಿನಿಮಾ ಎರಡಿದೆಯಲ್ಲ, 1922ರದ್ದಾ, 1979ರದ್ದಾ?

1922ರದ್ದು ಎಫ್. ಡಬ್ಲ್ಯೂ. ಮುರ್ನೌ ಮಾಡಿದ ಮೂಕಿ ಚಿತ್ರ. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ ಕಾದಂಬರಿಯನ್ನೇ ತೆಗೆದುಕೊಂಡು, ಹಕ್ಕು ಕೊಳ್ಳದೆ, ಹೆಸರು ಬದಲಿಸಿ ತೆಗೆದದ್ದು. ಡ್ರಾಕುಲಾ ಇಲ್ಲಿ ಕೌಂಟ್ ಓರ್ಲೊಕ್ ಆದ. ಸ್ಟೋಕರ್ ಅವರ ಹೆಂಡತಿ ಫ್ಲಾರೆನ್ಸ್ ಸುಮ್ಮನೆ ಬಿಡಲಿಲ್ಲ, ಕೋರ್ಟಿಗೆ ಹೋದರು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಪ್ರತಿಗಳು ಬೇರೆ ದೇಶಗಳಿಗೆ ಹೋಗಿಯಾಗಿತ್ತು. ಅದರಿಂದಲೇ ಈ ಸಿನಿಮಾ ಉಳಿಯಿತು. ಅದನ್ನು ತೆಗೆದ ಪ್ರಾನಾ ಫಿಲ್ಮ್ ಕಂಪನಿ ಇನ್ನೊಂದು ಸಿನಿಮಾ ಮಾಡಲೇ ಇಲ್ಲ.

ನಾನು ಇದನ್ನು ಮೊದಲ ಸಲ ನೋಡಿದ್ದು ಕೆಟ್ಟ ಪ್ರತಿಯಲ್ಲಿ. ಪೂರ್ತಿ ಕಪ್ಪುಬಿಳುಪು. ಮೇಣದ ಬತ್ತಿ ಹಿಡಿದು ಹೊರಗೆ ಬರುವವನ ಹಿಂದೆ ನಡುಮಧ್ಯಾಹ್ನದ ಬಿಸಿಲು! ವ್ಯಾಂಪೈರ್ ಹಗಲಲ್ಲೇ ಶವಪೆಟ್ಟಿಗೆ ಹೊತ್ತುಕೊಂಡು ಊರೊಳಗೆ ತಿರುಗುತ್ತಾನಲ್ಲ, ಇದೆಂಥ ಕಥೆ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು. ಆ ಕಾಲದಲ್ಲಿ ಹೊರಗಿನ ರಾತ್ರಿ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಅಂದರೆ ರಾತ್ರಿ. ಹಳದಿ ಅಂದರೆ ದೀಪದ ಬೆಳಕು ಅಥವಾ ಹಗಲು. ಈ ಸಲ ಬಣ್ಣ ಮರಳಿ ಕೊಟ್ಟ ಪ್ರತಿ ನೋಡಿದೆ. ಅದೇ ಸಿನಿಮಾ ಅಂತ ನಂಬಲು ಆಗಲಿಲ್ಲ. ಬೆಳಗಿನ ಜಾವ ಬಂದಾಗ ಪರದೆಯ ಬಣ್ಣವೇ ಬದಲಾಗುತ್ತದೆ, ಆಗ ಎದೆಯ ಮೇಲಿನ ಭಾರ ಇಳಿದಂತೆ ಆಗುತ್ತದೆ. ಹಾಗಾಗಿ 1922ರದ್ದನ್ನು ನೋಡುವುದಾದರೆ ಬಣ್ಣ ಇರುವ ಪ್ರತಿಯನ್ನೇ ಹುಡುಕಿ. ಸಂಗೀತವೂ ಪ್ರತಿಯಿಂದ ಪ್ರತಿಗೆ ಬೇರೆ ಬೇರೆ ಇರುತ್ತದೆ. ಹಾನ್ಸ್ ಎರ್ಡ್‌ಮಾನ್ ಅವರ ಮೊದಲ ಸಂಗೀತವನ್ನು ಮತ್ತೆ ಕಟ್ಟಿ ಕೂಡಿಸಿದ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು.

ಇದರ ಶಕ್ತಿ ಇರುವುದು ಓರ್ಲೊಕ್ ನಿಲ್ಲುವ ರೀತಿಯಲ್ಲಿ. ಮಾಕ್ಸ್ ಶ್ರೆಕ್ ಎಂಬ ನಟ. ಬೋಳು ತಲೆ, ಚೂಪು ಕಿವಿ, ಇಲಿಯ ಹಾಗೆ ಮುಂದಿನ ಎರಡು ಹಲ್ಲು. ಅವನು ಯಾವಾಗಲೂ ಒಂದು ಕಮಾನಿನೊಳಗೆ, ಬಾಗಿಲ ಚೌಕಟ್ಟಿನೊಳಗೆ ನಿಂತಿರುತ್ತಾನೆ. ಕೈ ಮೈಗೆ ಅಂಟಿಕೊಂಡಿದೆ. ನಡೆಯುತ್ತಾನೋ ಜಾರುತ್ತಾನೋ ತಿಳಿಯುವುದಿಲ್ಲ. ಹಡಗಿನ ತಳದಲ್ಲಿ ಪೆಟ್ಟಿಗೆಯಿಂದ ಹಲಗೆಯ ಹಾಗೆ ನೆಟ್ಟಗೆ ಏಳುತ್ತಾನಲ್ಲ, ಆ ಹೊತ್ತಿನಲ್ಲಿ ನನಗೆ ಮೈ ಜುಮ್ಮೆಂದಿತು. ನೂರು ವರ್ಷ ಹಳೆಯ ಚಿತ್ರ ಅನ್ನುವುದು ಆಗ ಮರೆತೇ ಹೋಗಿತ್ತು. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತಾನೆ ಅನ್ನುವ ಮಾತೂ ಶುರುವಾಗಿದ್ದು ಇದರಿಂದಲೇ. ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲಿ ಓಡಾಡುತ್ತಾನೆ.

ಸೋಲುವ ಜಾಗಗಳೂ ಇವೆ. ನಾಯಕ ಹುಟ್ಟರ್ ಮಾತೆತ್ತಿದರೆ ಬಾಯಿ ತೆರೆದು ನಗುತ್ತಾನೆ. ಫಿಲ್ಮ್ ಬೇಗ ಓಡಿಸಿ ಮಾಡಿದ ಭೂತದ ಗಾಡಿ ಈಗ ನಗು ತರಿಸುತ್ತದೆ. ಕಾಗದ, ಡೈರಿ, ಪುಸ್ತಕದ ಪುಟ ಅಂತ ಓದುವುದೂ ಜಾಸ್ತಿ. ಕಾಡಿನಲ್ಲಿ ತೋಳ ಬಂತು ಅಂತ ತೋರಿಸುತ್ತಾರೆ, ನೋಡಿದರೆ ಅದು ಕತ್ತೆಕಿರುಬ. ನಮ್ಮ ಬಯಲುಸೀಮೆಯವರು ಯಾರಾದರೂ ಕೂಡಲೇ ಗುರುತು ಹಿಡಿಯುತ್ತಾರೆ.

1979ರದ್ದು ವೆರ್ನರ್ ಹೆರ್ಜಾಗ್ ಮಾಡಿದ್ದು. ಓರ್ಲೊಕ್ ಜಾಗಕ್ಕೆ ಕ್ಲಾಸ್ ಕಿನ್ಸ್ಕಿ. ಹೆಸರು ಮತ್ತೆ ಡ್ರಾಕುಲಾ ಆಗಿದೆ. ಮುಖದ ರೂಪ ಹಳೆಯದೇ. ಮನಸ್ಸು ಮಾತ್ರ ಪೂರ್ತಿ ಬೇರೆ. ಶ್ರೆಕ್ ಒಂದು ಪಿಡುಗು. ಕಿನ್ಸ್ಕಿ ಒಬ್ಬ ರೋಗಿ. ಸಾಯಲಾಗದೆ ಸುಸ್ತಾದವನು. ಉಸಿರು ಎಳೆಯುವುದರಲ್ಲೇ ನೋವು ಕೇಳಿಸುತ್ತದೆ. ಊಟದ ಮೇಜಿನಲ್ಲಿ ಅತಿಥಿಯ ಬೆರಳು ಕೊಯ್ದಾಗ ಅವನು ತಡೆದುಕೊಳ್ಳಲು ನೋಡುತ್ತಾನೆ, ಆಗುವುದಿಲ್ಲ. ನನಗೆ ಅವನ ಮೇಲೆ ಕನಿಕರ ಬಂತು. ಭಯದ ಜೊತೆ ಕನಿಕರ ಬಂದರೆ ಭಯ ಕಡಿಮೆ ಆಗಬೇಕಿತ್ತಲ್ವಾ? ಆಗಲಿಲ್ಲ.

ಇದರಲ್ಲಿ ಬೆಳಿಗ್ಗೆವರೆಗೂ ಉಳಿದದ್ದು ಎರಡು ದೃಶ್ಯ. ಒಂದು, ಪ್ಲೇಗ್ ಬಂದ ಊರಿನ ಚೌಕ. ಎಲ್ಲೆಲ್ಲೂ ಇಲಿ. ಸಾಯುವುದು ಖಚಿತ ಅಂತ ಗೊತ್ತಾದವರು ಒಳ್ಳೆಯ ಬಟ್ಟೆ ಹಾಕಿ, ಮೇಜು ಹಾಕಿ, ಕೂತು ಊಟ ಮಾಡುತ್ತಿದ್ದಾರೆ. ಕಾಲ ಬುಡದಲ್ಲಿ ಇಲಿಗಳು. ಇದನ್ನು ತೆಗೆದದ್ದು ಹಾಲೆಂಡಿನಲ್ಲಿ, ಊರು ಮುಖ್ಯವಾಗಿ ಡೆಲ್ಫ್ಟ್. ಇನ್ನೊಂದು ಸಣ್ಣದು. ಗಂಡ ಜೊನಾಥನ್ ಡ್ರಾಕುಲಾನ ಕೋಟೆಯಿಂದ ಮನೆಗೆ ಮರಳಿದ್ದಾನೆ, ಹೆಂಡತಿಯ ಗುರುತು ಇಲ್ಲ. ಕುರ್ಚಿಯಲ್ಲಿ ಸುಮ್ನೆ ಕೂತಿರುತ್ತಾನೆ. ಹೆಂಡತಿ ಚರ್ಚಿನ ಪವಿತ್ರ ರೊಟ್ಟಿಯನ್ನು ಪುಡಿ ಮಾಡಿ ಕುರ್ಚಿಯ ಸುತ್ತ ಉದುರಿಸಿದ್ದಾಳೆ, ವ್ಯಾಂಪೈರ್ ಆಗುತ್ತಿರುವ ಅವನು ಆ ಗೆರೆ ದಾಟಬಾರದು ಅಂತ. ಎಲ್ಲ ಮುಗಿದ ಮೇಲೆ ಅವನು ಕೆಲಸದವಳನ್ನು ಕರೆದು ಆ ಪುಡಿಯನ್ನು ಗುಡಿಸಲು ಹೇಳುತ್ತಾನೆ. ಅವಳು ಗುಡಿಸುತ್ತಾಳೆ. ಒಂದು ಪೊರಕೆ, ಒಂದು ಹಿಡಿ ಪುಡಿ, ಅಷ್ಟೇ. ಆ ಸಿನಿಮಾದ ಅತಿ ಭಯಂಕರ ಹೊತ್ತು ಅದು.

ಇದರ ತೊಂದರೆ ನಿಧಾನ. ಜೊನಾಥನ್ ಬೆಟ್ಟ ಹತ್ತಿ ಕೋಟೆ ಸೇರುವುದರೊಳಗೆ ಅಮ್ಮ ನಿದ್ದೆ ಹೋಗಿದ್ದರು. ನನಗೆ ಆ ನಡಿಗೆ ಇಷ್ಟ, ಮೋಡ, ಜಲಪಾತ, ಪೋಪೋಲ್ ವೂ ಸಂಗೀತ ತಂಡದ ಗುನುಗು ಎಲ್ಲ ಸೇರಿ ಒಂದು ಮಂಪರು ಹಿಡಿಯುತ್ತದೆ. ಎಲ್ಲರಿಗೂ ಹಿಡಿಯಲಾರದು. ಒಂದು ಎಚ್ಚರಿಕೆ: ಇದನ್ನು ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ತೆಗೆದಿದ್ದಾರೆ. ಇಂಗ್ಲಿಷಿನಲ್ಲಿ ನಟರು ಮಾತನ್ನು ಹುಡುಕಿ ಹುಡುಕಿ ಆಡಿದಂತಿದೆ. ಜರ್ಮನ್ ಪ್ರತಿಯನ್ನೇ ನೋಡಿ.

ಎರಡರಲ್ಲಿ ಒಂದೇ ಬೇಕು ಅಂದರೆ ನಾನು 1979ರದ್ದನ್ನು ಆರಿಸುತ್ತೇನೆ, ಆ ಪೊರಕೆಗಾಗಿ. ವ್ಯಾಂಪೈರ್ ಅಂದರೆ ಹೇಗಿರಬೇಕು ಅನ್ನುವ ಚಿತ್ರ ಮಾತ್ರ 1922ರದ್ದೇ ಮೇಲು.

ಇನ್ನು ಡ್ರಾಕುಲಾ, 1958, ಇಂಗ್ಲೆಂಡಿನ ಹ್ಯಾಮರ್ ಕಂಪನಿಯದ್ದು. ಟೆರೆನ್ಸ್ ಫಿಶರ್ ನಿರ್ದೇಶನ, ಕ್ರಿಸ್ಟೋಫರ್ ಲೀ ಡ್ರಾಕುಲಾ, ಪೀಟರ್ ಕುಶಿಂಗ್ ವ್ಯಾಂಪೈರ್ ಬೇಟೆಗಾರ ವ್ಯಾನ್ ಹೆಲ್ಸಿಂಗ್. ಅಮ್ಮನಿಗೆ ಮೊದಲ ನಿಮಿಷದಿಂದ ಕೊನೆವರೆಗೂ ಹಿಡಿಸಿದ್ದು ಇದು. ಕಾರಣ ಗೊತ್ತು. ಬಣ್ಣ ಇದೆ, ಕಥೆ ಓಡುತ್ತದೆ, 82 ನಿಮಿಷದಲ್ಲಿ ಮುಗಿಯುತ್ತದೆ. ಕೆಟ್ಟವನು ಯಾರು, ಒಳ್ಳೆಯವನು ಯಾರು ಅಂತ ಕೇಳಬೇಕಾಗಿಲ್ಲ.

ಲೀ ಮೊದಲು ಕಾಣಿಸುವುದು ಮೆಟ್ಟಿಲ ಮೇಲೆ, ಕಪ್ಪು ಆಕಾರವಾಗಿ. ಈಗ ಏನೋ ಆಗುತ್ತದೆ ಅಂತ ಕಾಯುತ್ತೇವೆ. ಅವನು ಸರಸರ ಇಳಿದು ಬಂದು ಸಭ್ಯ ಗೃಹಸ್ಥನ ಹಾಗೆ ಮಾತಾಡುತ್ತಾನೆ, ಅತಿಥಿಯನ್ನು ಕೋಣೆಗೆ ಕರೆದುಕೊಂಡು ಹೋಗುತ್ತಾನೆ. "ಎಷ್ಟು ಮರ್ಯಾದಸ್ಥ" ಅಂದರು ಅಮ್ಮ. ಸ್ವಲ್ಪ ಹೊತ್ತಿಗೆ ಅದೇ ಮನುಷ್ಯ ಬಾಗಿಲಲ್ಲಿ, ಕಣ್ಣು ಕೆಂಡ, ಬಾಯಿ ತುಂಬ ರಕ್ತ. ಮೇಜನ್ನು ಹಾರಿ ಬರುತ್ತಾನೆ. ಆರೂಕಾಲು ಅಡಿಗೂ ಎತ್ತರದ ಮನುಷ್ಯ ಹಾಗೆ ಹಾರಿ ಬಂದರೆ ಏನಾಗಬೇಕು! ಅದಾದ ಮೇಲೆ ಲೀ ಬಾಯಲ್ಲಿ ಒಂದೇ ಒಂದು ಮಾತಿಲ್ಲ. ಉಳಿದ ಸಿನಿಮಾ ಪೂರ್ತಿ ಕಣ್ಣು, ನಡಿಗೆ, ಮೇಲಂಗಿ. ಎಷ್ಟು ಕಡಿಮೆ ಕಾಣಿಸುತ್ತಾನೋ ಅಷ್ಟು ಜಾಸ್ತಿ ಆವರಿಸುತ್ತಾನೆ.

ಆದರೆ ನನ್ನ ಕಣ್ಣಿಗೆ ಈ ಸಿನಿಮಾದ ಬೆನ್ನೆಲುಬು ಕುಶಿಂಗ್. ಸ್ಮಶಾನದಲ್ಲಿ ಹೆದರಿ ನಡುಗುವ ಪುಟ್ಟ ಹುಡುಗಿಗೆ ತನ್ನ ಕೋಟು ಹೊದಿಸಿ, ಟೆಡ್ಡಿ ಕರಡಿ ಥರ ಕಾಣ್ತೀಯ ಅನ್ನುತ್ತಾರೆ. ಕುತ್ತಿಗೆಗೆ ಶಿಲುಬೆ ಹಾಕಿ ಕೂರಿಸುತ್ತಾರೆ. ಅಲ್ಲಿಂದ ಎದ್ದು ಒಳಗೆ ಹೋಗಿ ಮಾಡಬೇಕಾದ ಕ್ರೂರ ಕೆಲಸ ಮಾಡುತ್ತಾರೆ. ಒಂದೇ ಮುಖದಲ್ಲಿ ಆ ಎರಡೂ ಇರುವುದು ಸುಲಭ ಅಲ್ಲ. ಕೊನೆಯಲ್ಲಿ ಉದ್ದ ಮೇಜಿನ ಮೇಲೆ ಓಡಿ, ಹಾರಿ, ಕಿಟಕಿಯ ಪರದೆ ಕಿತ್ತು, ಎರಡು ಮೇಣದ ಬತ್ತಿಯ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುತ್ತಾರೆ. ಆ ಉಪಾಯ ಕುಶಿಂಗ್ ಅವರದ್ದೇ. ಡ್ರಾಕುಲಾ ಬೂದಿಯಾಗುವ ದೃಶ್ಯವನ್ನು ಇಂಗ್ಲೆಂಡಿನ ಸೆನ್ಸಾರ್ ಕತ್ತರಿಸಿತ್ತು. ಕತ್ತರಿಸಿದ ತುಣುಕುಗಳು 2011ರಲ್ಲಿ ಟೋಕಿಯೋದ ಸಂಗ್ರಹದಲ್ಲಿದ್ದ ಒಂದು ಪ್ರತಿಯಲ್ಲಿ ಸಿಕ್ಕವು. ಈಗ ಬರುವ ಸರಿಪಡಿಸಿದ ಪ್ರತಿಯಲ್ಲಿ ಅವು ಇವೆ.

ದೌರ್ಬಲ್ಯ ಅಂದರೆ, ಎಲ್ಲವೂ ತುಂಬಾ ಚೊಕ್ಕ. ಕೋಟೆಯೊಳಗೆ ಒಂದು ಜೇಡರ ಬಲೆ ಇಲ್ಲ, ನೆಲ ಫಳಫಳ. ಖರ್ಚು ಉಳಿಸಲು, ಕಾದಂಬರಿಯಲ್ಲಿ ಡ್ರಾಕುಲಾ ಇಂಗ್ಲೆಂಡಿಗೆ ಮಾಡುವ ಪ್ರಯಾಣವನ್ನೇ ಕೈಬಿಟ್ಟಿದ್ದಾರೆ, ಡ್ರಾಕುಲಾನ ಕೋಟೆ ಪಕ್ಕದ ಊರಿನ ಹಾಗೆ ಕುದುರೆ ಗಾಡಿಯಲ್ಲಿ ಹೋಗಿ ಬರುವಷ್ಟು ದೂರ. ನಡುವೆ ಗಡಿ ಕಾಯುವವನು, ಶವಪೆಟ್ಟಿಗೆ ಅಂಗಡಿಯವನು ಬಂದು ಮಾಡುವ ತಮಾಷೆ ಬೇಡವಾಗಿತ್ತು. ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಬರೆದದ್ದು ಒಂದೇ ಸಾಲು: ಎಲ್ಲರೂ ಊರೆಲ್ಲ ಹುಡುಕುತ್ತಾರೆ, ಡ್ರಾಕುಲಾನ ಪೆಟ್ಟಿಗೆ ಇದ್ದದ್ದು ಅವರದ್ದೇ ಮನೆಯ ನೆಲಮಾಳಿಗೆಯಲ್ಲಿ.

ಹ್ಯಾಮರ್ ಆಮೇಲೆ ತೆಗೆದವುಗಳಲ್ಲಿ 1960ರ ದಿ ಬ್ರೈಡ್ಸ್ ಆಫ್ ಡ್ರಾಕುಲಾ ಮಾತ್ರ ತಪ್ಪಿಸಬೇಡಿ. ಹೆಸರಲ್ಲಿ ಡ್ರಾಕುಲಾ ಇದ್ದಾನೆ, ಸಿನಿಮಾದಲ್ಲಿ ಇಲ್ಲ. ಇರುವುದು ಒಬ್ಬ ತಾಯಿ. ಮಗ ವ್ಯಾಂಪೈರ್ ಆಗಿದ್ದಾನೆ. ಕೊಲ್ಲಲು ಮನಸ್ಸು ಬರದೆ ಕಾಲಿಗೆ ಸಂಕೋಲೆ ಹಾಕಿ ಮನೆಯಲ್ಲೇ ಇಟ್ಟುಕೊಂಡಿದ್ದಾಳೆ. ಅವನು ಬಿಡಿಸಿಕೊಂಡು ಮೊದಲು ಕಚ್ಚುವುದು ಅವಳನ್ನೇ. ಆಮೇಲೆ ಆ ವಯಸ್ಸಾದ ತಾಯಿ ವ್ಯಾನ್ ಹೆಲ್ಸಿಂಗ್ ಎದುರು ನಿಂತು ತನ್ನ ಹೊಸ ಹಲ್ಲು ಕಾಣದ ಹಾಗೆ ಬಾಯಿ ಮರೆ ಮಾಡಿಕೊಳ್ಳುತ್ತಾಳೆ. ನಾಚಿಕೆಯಿಂದ. "ಪಾಪ, ಅವಳದ್ದೇನು ತಪ್ಪು" ಅಂದರು ಅಮ್ಮ. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ತಪ್ಪೂ ಇದೆ ಅನ್ನು" ಅಂದರು. ಲೀ ಇಲ್ಲದಿರುವುದು ಇದರ ಕೊರತೆ ಅಂತ ಹೇಳುವವರಿದ್ದಾರೆ. ನನಗೆ ಹಾಗೆ ಅನ್ನಿಸಲೇ ಇಲ್ಲ. ಎಪ್ಪತ್ತರ ದಶಕದ ಹ್ಯಾಮರ್ ಡ್ರಾಕುಲಾಗಳಲ್ಲಿ ಲೀ ಇದ್ದಾರೆ, ಮಾಡಲು ಕೆಲಸ ಇಲ್ಲ. ಅವನ್ನು ಪುರುಸೊತ್ತಿದ್ದರೆ ನೋಡಿ.

ಹ್ಯಾಮರ್‌ಗೆ ಎದುರಾಗಿ ನಿಲ್ಲಿಸಬೇಕಾದದ್ದು ಇಟಲಿಯ ಮಾರಿಯೋ ಬಾವಾ ಅವರನ್ನು. ಬಾವಾ ಮೊದಲಿಗೆ ಕ್ಯಾಮೆರಾಮನ್. 1957ರಲ್ಲಿ ಇ ವಾಂಪಿರಿ ಎಂಬ ಚಿತ್ರವನ್ನು ರಿಕಾರ್ಡೋ ಫ್ರೇಡಾ ಅರ್ಧಕ್ಕೆ ಬಿಟ್ಟು ಹೋದಾಗ ಇವರೇ ಮುಗಿಸಿಕೊಟ್ಟರು. ಅದರಲ್ಲಿ ಒಬ್ಬ ಚೆಲುವೆ ಕ್ಯಾಮೆರಾ ಎದುರಲ್ಲೇ, ದೃಶ್ಯ ಎಲ್ಲೂ ಕತ್ತರಿಸದೆ, ಮುದುಕಿಯಾಗುತ್ತಾಳೆ. ಮುಖಕ್ಕೆ ಒಂದು ಬಣ್ಣದಲ್ಲಿ ಸುಕ್ಕು ಬರೆದು, ಅದೇ ಬಣ್ಣದ ಬೆಳಕು ಬಿಟ್ಟರೆ ಸುಕ್ಕು ಕಾಣುವುದಿಲ್ಲ. ಬೆಳಕಿನ ಬಣ್ಣ ಬದಲಿಸಿದರೆ ಸುಕ್ಕು ಎದ್ದು ಬರುತ್ತದೆ. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳಕು ಬದಲಾದದ್ದು ನಮಗೆ ತಿಳಿಯುವುದಿಲ್ಲ, ಮುಖ ಬದಲಾದದ್ದು ಮಾತ್ರ ಕಾಣುತ್ತದೆ. ಹೇಗೆ ಮಾಡಿದರು ಅಂತ ಗೊತ್ತಾದ ಮೇಲೂ ನೋಡಿದಾಗಲೆಲ್ಲ ಬೆರಗಾಗುತ್ತೇನೆ.

ಬಾವಾ ಅವರ ಸ್ವಂತ ಮೊದಲ ಚಿತ್ರ 1960ರದ್ದು. ಇಂಗ್ಲಿಷಿನಲ್ಲಿ ಬ್ಲ್ಯಾಕ್ ಸಂಡೇ ಅನ್ನುತ್ತಾರೆ. ಶುರುವಿನಲ್ಲೇ ಒಬ್ಬಳ ಮುಖಕ್ಕೆ ಒಳಗಡೆ ಮೊಳೆಗಳಿರುವ ಮುಖವಾಡ ಇಟ್ಟು, ದೊಡ್ಡ ಸುತ್ತಿಗೆಯಿಂದ ಹೊಡೆಯುತ್ತಾರೆ. ಇಂಗ್ಲೆಂಡಿನಲ್ಲಿ 1968ರವರೆಗೆ ಇದನ್ನು ತೋರಿಸಲು ಬಿಡಲಿಲ್ಲ. ಆದರೆ ಈ ಸಿನಿಮಾ ಉಳಿಯುವುದು ಸುತ್ತಿಗೆಯಿಂದ ಅಲ್ಲ. ಮಂಜಿನಲ್ಲಿ ನಿಧಾನವಾಗಿ, ಗಾಳಿಯಲ್ಲಿ ತೇಲಿದಂತೆ ಬರುವ ಕುದುರೆ ಗಾಡಿ. ಒಣಗಿದ ಕೊಂಬೆಗಳು. ಬಾರ್ಬರಾ ಸ್ಟೀಲ್ ಅವರ ಅಗಲ ಕಣ್ಣು. ಅವರು ಇಲ್ಲಿ ಎರಡು ಪಾತ್ರ, ಇನ್ನೂರು ವರ್ಷ ಹಿಂದೆ ಸತ್ತ ಮಾಟಗಾತಿ ಮತ್ತು ಅವಳದ್ದೇ ವಂಶದ ಹುಡುಗಿ. ಮುರ್ನೌ ಗಾಡಿಯನ್ನು ವೇಗವಾಗಿ ಓಡಿಸಿ ಸೋತಲ್ಲಿ ಬಾವಾ ನಿಧಾನ ಓಡಿಸಿ ಗೆದ್ದಿದ್ದಾರೆ. ಬೆಳಕಿನ ಕೆಲಸದಲ್ಲಿ ಹ್ಯಾಮರ್ ಇದರ ಹತ್ತಿರವೂ ಬರುವುದಿಲ್ಲ.

ಮಾತು ಶುರುವಾದರೆ ಮಾತ್ರ ಬಿದ್ದು ಹೋಗುತ್ತದೆ. ನಾಯಕ ನಾಯಕಿಯ ಪ್ರೀತಿ ಸಪ್ಪೆ. ತುಟಿಗೂ ದನಿಗೂ ತಾಳ ಇಲ್ಲ, ಎಲ್ಲ ಡಬ್ಬಿಂಗ್. ಕುಶಿಂಗ್ ಥರದವರು ಒಬ್ಬರು ಇದ್ದಿದ್ದರೆ ಅನ್ನಿಸುತ್ತದೆ. ಕಥೆಗೆ, ಮನುಷ್ಯರಿಗೆ ಹ್ಯಾಮರ್. ಕಣ್ಣಿಗೆ ಬಾವಾ.

ಕನಸಿನ ಥರದ ಸಿನಿಮಾಗಳಿಗೆ ಬರೋಣ. ವಾಂಪೈರ್, 1932. ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿನ ಹಳ್ಳಿಯೊಂದರಲ್ಲಿ ತೆಗೆದದ್ದು. ದುಡ್ಡು ಹಾಕಿದವರೇ ನಾಯಕ, ನಿಕೊಲಾಸ್ ದ ಗುಂಜ್‌ಬರ್ಗ್. ನಟರಲ್ಲಿ ಬಹಳ ಜನ ನಟರೇ ಅಲ್ಲ. ಬರ್ಲಿನ್‌ನ ಮೊದಲ ಪ್ರದರ್ಶನದಲ್ಲಿ ಜನ ಕೂಗಾಡಿದರಂತೆ. ಲೆನ್ಸ್ ಮುಂದೆ ತೆಳು ಬಟ್ಟೆ ಹಿಡಿದು ತೆಗೆದ ಚಿತ್ರ, ಎಲ್ಲವೂ ಮಸುಕು, ಹಾಲಿನಂತೆ ಬಿಳಿ. ಇದರಲ್ಲಿ ಭಯ ಕತ್ತಲಲ್ಲಿ ಇಲ್ಲ, ಬಿಳುಪಿನಲ್ಲಿದೆ.

ನಾನು ನೋಡುತ್ತಿದ್ದ ರಾತ್ರಿ ನಡುವೆ ಕರೆಂಟ್ ಹೋಯಿತು. ಯುಪಿಎಸ್ ಮೇಲೆ ಟೀವಿ ಓಡುತ್ತಿತ್ತು, ಊರೆಲ್ಲ ಕಪ್ಪು. ಆಗಲೇ ಬಂತು ಆ ದೃಶ್ಯ. ನಾಯಕ ತಾನು ಸತ್ತು ಪೆಟ್ಟಿಗೆಯೊಳಗೆ ಮಲಗಿದ್ದನ್ನು ತಾನೇ ನೋಡುತ್ತಾನೆ. ಪೆಟ್ಟಿಗೆಯ ಮುಚ್ಚಳದಲ್ಲಿ ಮುಖದ ನೇರಕ್ಕೆ ಒಂದು ಗಾಜು. ಕ್ಯಾಮೆರಾ ಒಳಗಿದೆ. ನಾವು ಮಲಗಿದ್ದೇವೆ. ಮೇಲಿನಿಂದ ಮುಚ್ಚಳ ಬಿಗಿಯುವುದು ಕೇಳುತ್ತದೆ. ಗಾಜಿನ ಮೇಲೆ ಯಾರೋ ಮೇಣದ ಬತ್ತಿ ಇಡುತ್ತಾರೆ. ಒಬ್ಬ ಮುದುಕಿ ಬಗ್ಗಿ ನಮ್ಮ ಮುಖ ನೋಡುತ್ತಾಳೆ. ಆಮೇಲೆ ಹೊತ್ತು ನಡೆಯುತ್ತಾರೆ. ಮೇಲೆ ಚಾವಣಿ, ಬಾಗಿಲ ಮೇಲ್ಭಾಗ, ಆಕಾಶ, ಮರದ ತುದಿ, ಚರ್ಚಿನ ಗೋಪುರ. ಅಷ್ಟೇ. ಯಾವ ವ್ಯಾಂಪೈರೂ ಇಲ್ಲ, ಹಲ್ಲೂ ಇಲ್ಲ. ನಾನು ಉಸಿರು ಬಿಗಿ ಹಿಡಿದಿದ್ದೆ.

ಅಮ್ಮ ಅಷ್ಟು ಹೊತ್ತಿಗೆ ಎದ್ದು ಹೋಗಿದ್ದರು. "ಯಾರು ಯಾರು ಅಂತಲೇ ತಿಳಿಯಲ್ಲ ಕಣೇ" ಅಂದರು. ಅದು ನಿಜವಾದ ದೂರು. ನಾಯಕನ ಮುಖದಲ್ಲಿ ಏನೂ ನಡೆಯುವುದಿಲ್ಲ. ಯಾರು ಯಾವ ಮನೆಯಲ್ಲಿ, ಯಾಕೆ ಇದ್ದಾರೆ ಅಂತ ನಾನೂ ಎರಡನೇ ಸಲಕ್ಕೇ ಹಿಡಿದದ್ದು. ಒಂದು ಗಂಟೆ ಹದಿನೈದು ನಿಮಿಷವೂ ಇಲ್ಲದ ಸಿನಿಮಾ ಮೂರು ಗಂಟೆಯಂತೆ ಅನ್ನಿಸಬಹುದು. ಇದರಿಂದ ಶುರು ಮಾಡಿದವರು ಎರಡನೆಯದಕ್ಕೆ ಬರಲಾರರು. ಆದರೆ ಐದಾರು ನೋಡಿದ ಮೇಲೆ, ಒಬ್ಬರೇ ಇದ್ದಾಗ, ಇದನ್ನು ನೋಡಲೇಬೇಕು.

ಇದೇ ಸಾಲಿನಲ್ಲಿ ಬೆಲ್ಜಿಯಂನ ಹ್ಯಾರಿ ಕುಮೆಲ್ 1971ರಲ್ಲಿ ಮಾಡಿದ ಡಾಟರ್ಸ್ ಆಫ್ ಡಾರ್ಕ್‌ನೆಸ್. ಚಳಿಗಾಲದ ಒಸ್ಟೆಂಡ್. ಸಮುದ್ರದ ದಂಡೆಯಲ್ಲಿ ಖಾಲಿ ದೊಡ್ಡ ಹೋಟೆಲ್. ಹೊಸದಾಗಿ ಮದುವೆಯಾದ ಜೋಡಿಯೊಂದು ಮಾತ್ರ ಇದೆ. ಅಲ್ಲಿಗೆ ಕೌಂಟೆಸ್ ಬಾಥೊರಿ ಎಂಬ ಸಿರಿವಂತ ಮನೆತನದ ಹೆಂಗಸು ಬರುತ್ತಾಳೆ. ಹೋಟೆಲಿನ ಹಳೆಯ ಕೆಲಸಗಾರ ಅವಳನ್ನು ನೋಡಿ ಬೆಚ್ಚುತ್ತಾನೆ. ನಲವತ್ತು ವರ್ಷದ ಹಿಂದೆ, ತಾನು ಹುಡುಗನಾಗಿದ್ದಾಗ ಬಂದಿದ್ದಳು, ಈಗಲೂ ಹಾಗೇ ಇದ್ದಾಳೆ! ಡೆಲ್ಫಿನ್ ಸೇರಿಗ್ ಆ ಪಾತ್ರ. ಮಾತು ಮೆತ್ತಗೆ, ನಗು ಮೆತ್ತಗೆ. ಹಲ್ಲು ತೋರಿಸುವ ಅಗತ್ಯವೇ ಬೀಳುವುದಿಲ್ಲ. ಅವಳು ಪಕ್ಕ ಕೂತು ಕೈ ಹಿಡಿದರೆ ಸಾಕು, ಆ ಮದುಮಗಳ ಬದುಕು ಕೈ ತಪ್ಪಿತು ಅಂತ ನಮಗೆ ಗೊತ್ತಾಗುತ್ತದೆ. ಸೇರಿಗ್ ಇರುವಷ್ಟು ಹೊತ್ತು ಬೇರೆ ಕಡೆ ನೋಡಲು ಆಗುವುದಿಲ್ಲ. ಅವರಿಲ್ಲದಾಗ ಉಳಿದವರು ಪೇಲವ. ಸಾವುಗಳನ್ನು ತೆಗೆದ ರೀತಿ ಒರಟು. ಇದು ದೊಡ್ಡವರ ಸಿನಿಮಾ, ಬೆತ್ತಲೆಯೂ ಹಿಂಸೆಯೂ ಇದೆ. ಅಮ್ಮನ ಜೊತೆ ನೋಡಲಿಲ್ಲ, ಅಕ್ಕನ ಮಗನಿಗೂ ಈಗಲೇ ಬೇಡ ಅಂದೆ.

ಫ್ರಾನ್ಸಿನ ಜಾನ್ ರೋಲಾ ಅವರ ಸಿನಿಮಾಗಳ ಬಗ್ಗೆ ಕೇಳುವವರೂ ಇದ್ದಾರೆ. ಗಡಿಯಾರದ ಪೆಟ್ಟಿಗೆಯೊಳಗಿಂದ ವ್ಯಾಂಪೈರ್ ಹೊರಗೆ ಬರುವ ಥರದ ಒಂದೊಂದು ಚಿತ್ರ ಮರೆಯಲಾಗದ್ದು. ಆ ಒಂದಕ್ಕಾಗಿ ಒಂದೂವರೆ ಗಂಟೆ ಕೂರಲು ನನ್ನಿಂದ ಆಗಲಿಲ್ಲ.

ಕೊನೆಗೆ ನಾನು ಎಲ್ಲಕ್ಕಿಂತ ಮೇಲೆ ಇಡುವುದನ್ನು ಹೇಳುತ್ತೇನೆ. ಅದು ಪೂರ್ತಿ ಸಿನಿಮಾ ಕೂಡ ಅಲ್ಲ. ಬಾವಾ 1963ರಲ್ಲಿ ಮೂರು ಕಥೆಗಳನ್ನು ಸೇರಿಸಿ ಒಂದು ಚಿತ್ರ ಮಾಡಿದರು. ಇಂಗ್ಲಿಷಿನಲ್ಲಿ ಅದರ ಹೆಸರು ಬ್ಲ್ಯಾಕ್ ಸಬ್ಬತ್, ಅದೇ ಹೆಸರಿನ ರಾಕ್ ಸಂಗೀತ ತಂಡ ತನ್ನ ಹೆಸರು ತೆಗೆದುಕೊಂಡದ್ದು ಇದರಿಂದಲೇ. ಅದರೊಳಗಿನ ಒಂದು ಕಥೆ ವುರ್ದಲಾಕ್. ಮೂಲ ರಷ್ಯಾದ ಎ. ಕೆ. ಟಾಲ್‌ಸ್ಟಾಯ್ ಬರೆದದ್ದು. ಯುದ್ಧ ಮತ್ತು ಶಾಂತಿ ಬರೆದವರಲ್ಲ, ಬೇರೆಯವರು.

ವುರ್ದಲಾಕ್ ಅಂದರೆ ತಾನು ತುಂಬಾ ಪ್ರೀತಿಸಿದವರ ರಕ್ತವನ್ನೇ ಬಯಸುವ ಹೆಣ. ಒಂದು ಒಂಟಿ ಮನೆ. ಮಕ್ಕಳು, ಸೊಸೆ, ಪುಟ್ಟ ಮೊಮ್ಮಗ. ಮನೆಯ ಯಜಮಾನ ಗೋರ್ಕಾ ಒಬ್ಬ ದರೋಡೆಗಾರನನ್ನು ಕೊಲ್ಲಲು ಹೋಗಿದ್ದಾನೆ. ಹೋಗುವಾಗ, ಐದು ದಿನ ಕಳೆದ ಮೇಲೆ ಬಂದರೆ ನನ್ನನ್ನು ಒಳಗೆ ಬಿಡಬೇಡಿ ಅಂದಿದ್ದಾನೆ. ಅವನು ಬರುವುದು ಸರಿಯಾಗಿ ಆ ಗಡುವು ಮುಗಿಯುವ ಹೊತ್ತಿಗೆ. ಮುಗಿದಿದೆಯೋ ಇಲ್ಲವೋ ಅಂತ ಯಾರಿಗೂ ಹೇಳಲು ಧೈರ್ಯ ಇಲ್ಲ. ಬೋರಿಸ್ ಕಾರ್ಲೋಫ್ ಗೋರ್ಕಾ. ಅವರು ವ್ಯಾಂಪೈರ್ ಆದದ್ದು ಇದೊಂದರಲ್ಲೇ. ಒಳಗೆ ಬಂದು, ಚಳಿಗೆ ಬೆಂಕಿಯ ಪಕ್ಕ ಕೂತು, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಕೇಳುತ್ತಾನೆ. ತಾತ ಕೇಳಿದರೆ ಇಲ್ಲ ಅನ್ನುವುದು ಹೇಗೆ? ಎಲ್ಲರ ಮುಖದಲ್ಲೂ ಅನುಮಾನ, ಯಾರ ಬಾಯಲ್ಲೂ ಮಾತಿಲ್ಲ. ಮನೆಯೊಳಗೆ ನೇರಳೆ, ಹಸಿರು ಬೆಳಕು. ಎಲ್ಲಿಂದ ಬರುತ್ತದೆ ಅಂತ ಕೇಳಬೇಕು ಅನ್ನಿಸುವುದೇ ಇಲ್ಲ.

ಇದರಲ್ಲೂ ಊನ ಇದೆ. ಕುದುರೆ ಏರಿ ಬರುವ ತರುಣ ನಾಯಕನ ಪ್ರೇಮ ಇಲ್ಲೂ ಸಪ್ಪೆ. ಪ್ರತಿಯ ವಿಷಯದಲ್ಲೂ ಕಷ್ಟದ ಆಯ್ಕೆ. ಇಂಗ್ಲಿಷ್ ಪ್ರತಿಯಲ್ಲಿ ಕಾರ್ಲೋಫ್ ಅವರ ಸ್ವಂತ ದನಿ ಇದೆ, ಆದರೆ ಸಂಗೀತ ಬೇರೆ, ಕಥೆಗಳ ಕ್ರಮ ಬೇರೆ, ಇನ್ನೊಂದು ಕಥೆಯನ್ನಂತೂ ಕೆಡಿಸಿಯೇ ಬಿಟ್ಟಿದ್ದಾರೆ. ಇಟಾಲಿಯನ್ ಪ್ರತಿಯಲ್ಲಿ ಬಾವಾ ಅಂದುಕೊಂಡ ಸಿನಿಮಾ ಇದೆ, ಕಾರ್ಲೋಫ್‌ಗೆ ಬೇರೆಯವರ ದನಿ. ನಾನು ಇಟಾಲಿಯನ್ ಆರಿಸಿದೆ. ಹೇಗಿದ್ದರೂ ಅಮ್ಮನಿಗೆ ಕೇಳುವುದು ನನ್ನ ದನಿ.

ತಾತ ಮೊಮ್ಮಗನನ್ನು ಎತ್ತಿಕೊಂಡು ಹೋಗುತ್ತಾನೆ. ಮಗುವಿನ ಹೆಣ ಸಿಗುತ್ತದೆ. ಅದು ಮತ್ತೆ ಏಳದಂತೆ ಎದೆಗೆ ಗೂಟ ಹೊಡೆಯಲು ತಾಯಿ ಬಿಡುವುದಿಲ್ಲ, ಹಾಗೇ ಹೂಳುತ್ತಾರೆ. ಆ ರಾತ್ರಿ ಗಾಳಿ ಬೀಸುತ್ತಿರುವಾಗ ಹೊರಗಿನಿಂದ ಮಗು ಕರೆಯುತ್ತದೆ.

ನಮ್ಮ ಕಡೆ 1990ರ ದಶಕದಲ್ಲಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದದ್ದು ನೆನಪಿದೆಯಾ? ದೆವ್ವ ರಾತ್ರಿ ಬಂದು ಮನೆಯವರದ್ದೇ ದನಿಯಲ್ಲಿ ಕರೆಯುತ್ತದೆ, ತೆಗೆದರೆ ಮುಗಿಯಿತು. ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ನಮ್ಮ ಮನೆಯ ಬಾಗಿಲಿಗೆ ಇದ್ದಿಲಿನಲ್ಲಿ ಬರೆದದ್ದು ಅಮ್ಮನೇ. ನನಗಾಗ ಏಳೆಂಟು ವರ್ಷ. ರಾತ್ರಿ ಹೊರಗಿನಿಂದ ಅಮ್ಮ ಕರೆದರೆ ತೆಗೆಯಬೇಕೋ ಬೇಡವೋ ಅಂತ ಎಷ್ಟೋ ದಿನ ಯೋಚನೆ ಮಾಡಿದ್ದೆ.

ಪರದೆಯಲ್ಲಿ ಸಬ್‌ಟೈಟಲ್ ಬಂತು. ಅಲ್ಲಿವರೆಗೆ ಹೇಳುತ್ತಾ ಬಂದ ಹಾಗೇ ನಾನು ಹೇಳಿದೆ: "ಅಮ್ಮಾ, ಚಳಿ ಆಗ್ತಿದೆ. ಬಾಗಿಲು ತೆಗಿ."

ಅಮ್ಮ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. ಅತ್ತ ತಾಯಿ ಬಾಗಿಲ ಕಡೆ ಓಡುತ್ತಿದ್ದಳು, ಗಂಡ ಅಡ್ಡ ಬಂದಿದ್ದ. ಅವಳು ಅವನಿಗೆ ಚಾಕು ಹಾಕಿ ದಾಟಿ ಹೋದಳು. "ಇದೊಂದು ನೀನು ಹೇಳ್ಬೇಡ ಕಣೇ" ಅಂದರು ಅಮ್ಮ. "ನಂಗೆ ಗೊತ್ತಾಗತ್ತೆ." ಆಮೇಲಿನದ್ದೆಲ್ಲ ನಾವು ಮಾತಿಲ್ಲದೆ ನೋಡಿದೆವು.